ಬೆಲ್ಲ ಕುಡಿದ ಗೋಡೆ

ಆ ಶುಕ್ರವಾರವೂ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಆಷಾಢದ ತುಂತುರು, ಒಂದೆಳೆ ಮುಗಿಸಿ ಇನ್ನೊಂದೆಳೆ ಹಿಡಿಯುವಷ್ಟರಲ್ಲಿ ಮೊದಲಿನದರ ಅಂಚು ಒದ್ದೆಯಾಗಿ ಹರಡಿಕೊಳ್ಳುತ್ತಿತ್ತು. ಹಾಲು ಕಾಯಿಸಿ, ಅತ್ತೆಗೆ ಸಪ್ಪೆ ಕಾಫಿ, ಯಜಮಾನರಿಗೆ ಅವರ ಉದ್ದ ಲೋಟದಲ್ಲಿ ಕಾಫಿ ಕೊಟ್ಟು, ಡಬ್ಬಿಗೆ ಚಿತ್ರಾನ್ನ ಕಲೆಸಿದೆ. ಅವರು ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತರು. ಮದ್ದೂರಿನಿಂದ ದಿನಾ ಓಡಾಟ. ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಟ್ಟು ಹಿತ್ತಲಿಗೆ ಹೋದೆ. ನೀರಿನ ಡ್ರಮ್ಮಿನ ಹಿಂದೆ, ತಗಡು ಮುಚ್ಚಿ ಇಟ್ಟಿದ್ದ ಎರಡು ತೆಂಗಿನ ಚಿಪ್ಪುಗಳನ್ನು ಹೊರಗೆ ತೆಗೆದೆ.

ಹಿಂದಿನ ದಿನ ಬೆಳಿಗ್ಗೆ ಎರಡರಲ್ಲೂ ಒಂದೇ ಚೀಲದ ಸಿಮೆಂಟು, ಒಂದೇ ಗುಡ್ಡೆಯ ಮರಳು, ಒಂದೇ ಚಮಚದಲ್ಲಿ ಅಳೆದು ಕಲೆಸಿದ್ದೆ. ಎಡಗಡೆಯದಕ್ಕೆ ಬರಿ ನೀರು. ಬಲಗಡೆಯದಕ್ಕೆ ಒಂದು ಚೂರು ಬೆಲ್ಲ ಕದಡಿದ ನೀರು. ಈಗ ಎಡಗಡೆಯದನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಲ್ಲು ತಟ್ಟಿದ ಹಾಗಿತ್ತು. ಬಲಗಡೆಯದರಲ್ಲಿ ಬೆರಳು ಇಟ್ಟೆ. ತಣ್ಣಗಿನ ಅಂಬಲಿಯಲ್ಲಿ ಇಳಿದ ಹಾಗೆ ಇಳಿಯಿತು.

ಕೈ ತೊಳೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಹನ್ನೆರಡು ದಿನದ ಹಿಂದೆ ನಾನು ಒಬ್ಬ ಮೇಸ್ತ್ರಿಯನ್ನು ಹತ್ತು ಜನರ ಮುಂದೆ ಕಳ್ಳ ಅಂದಿದ್ದೆ. ಅವರು ಕಳ್ಳರಲ್ಲ.

ಶೂ ಕಟ್ಟಿಕೊಳ್ಳುತ್ತಿದ್ದ ಯಜಮಾನರಿಗೆ ಚಿಪ್ಪು ತೋರಿಸಿದೆ. ಅವರು ಎರಡನ್ನೂ ಮುಟ್ಟಿ ನೋಡಿದರು, ಬೆರಳನ್ನು ನನ್ನ ಸೆರಗಿಗೇ ಒರೆಸಿದರು. ಇದನ್ನು ಅಣ್ಣನಿಗೆ ತೋರಿಸಬೇಡ ಅಂದು ಬಸ್ಸಿಗೆ ಹೋದರು.

ಅವರು ಅಣ್ಣ ಅಂದದ್ದು ನಮ್ಮ ಭಾವನನ್ನು. ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿ, ಶಿವಪುರದ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿ, ಮಾವನವರ ತಂದೆ ಕಟ್ಟಿಸಿದ ಬೆಲ್ಲದ ಗೋಡೌನು ಇದೆ. ಉದ್ದನೆಯ ಎರಡು ಕೋಣೆ, ನಡುವೆ ಒಂದೇ ಗೋಡೆ, ಮೇಲೆ ತೇಗದ ತೊಲೆ, ಮಂಗಳೂರು ಹೆಂಚು. ಸುತ್ತಮುತ್ತಲ ಆಲೆಮನೆಗಳ ಬೆಲ್ಲವೆಲ್ಲ ಒಂದು ಕಾಲದಲ್ಲಿ ಅಲ್ಲಿಗೆ ಬಂದು ಇಳಿಯುತ್ತಿತ್ತು. ಮಂಡಿ ಮುಚ್ಚಿ ಎಷ್ಟೋ ವರ್ಷವಾಗಿ, ನಾನು ಮದುವೆಯಾಗಿ ಬರುವ ಹೊತ್ತಿಗೆ ಅದರಲ್ಲಿ ಬಾವಲಿ ಮತ್ತು ಒಂದು ಕೆಟ್ಟ ಟ್ರ್ಯಾಕ್ಟರು ಇದ್ದವು. ಮಾವ ತೀರಿಕೊಂಡ ಮೇಲೆ ಒಂದು ಕೋಣೆ ಭಾವನ ಪಾಲಿಗೆ, ಒಂದು ನಮ್ಮ ಪಾಲಿಗೆ ಬಂತು. ಭಾವನಿಗೆ ಎರಡನ್ನೂ ಕೆಡವಿ ಪಾರ್ಟಿ ಹಾಲ್ ಕಟ್ಟುವ ಆಸೆ. ನನಗೆ ಬೇರೆ ಆಸೆ.

ಆ ಕೋಣೆಗಳು ಎರಡು ಮಹಡಿಯಷ್ಟು ಎತ್ತರ. ಕೆಳಗೆ ಕೆಲಸದ ಜಾಗ, ಅರ್ಧ ಎತ್ತರದಲ್ಲಿ ಕಬ್ಬಿಣದ ತೊಲೆ ಹೂಡಿ, ಹಲಗೆ ಹಾಸಿ, ಮೇಲೆ ಸಣ್ಣ ಸಣ್ಣ ಮನೆ. ನನ್ನ ಗೆಳತಿಯ ಮಗಳು ಮೈಸೂರಿನಲ್ಲಿ ಎಂಜಿನಿಯರು. ಅವಳು ನಕ್ಷೆ ಬರೆದುಕೊಟ್ಟು ಇದಕ್ಕೆ ಲಾಫ್ಟ್ ಅನ್ನುತ್ತಾರೆ ಆಂಟಿ ಅಂದಳು. ನಮ್ಮ ಮನೆಯಲ್ಲಿ ಅದಕ್ಕೆ ಅಟ್ಟ ಅಂದರು. ಮೊದಲ ದಿನವೇ ಭಾವ ಎಲೆ ಮುಂದೆ ಕೂತು, ಸಾರು ಸುರಿದುಕೊಳ್ಳುತ್ತಾ, "ಅಟ್ಟದಾಗೆ ಇಲಿ ಸಂಸಾರ ಮಾಡ್ತವೆ ಕಣಮ್ಮ, ಮನ್ಸರು ಮಾಡಾಕಿಲ್ಲ" ಅಂದರು. ಎಲ್ಲರೂ ನಕ್ಕರು. ನಾನು ಇನ್ನೊಂದು ಸೌಟು ಸಾರು ಹಾಕಿದೆ.

ಆದರೂ ಕೆಲಸ ಶುರುವಾದದ್ದು ಮಳವಳ್ಳಿಯಲ್ಲಿ ಹೊಲಿಗೆ ಘಟಕ ನಡೆಸುವ ಒಬ್ಬ ಹೆಂಗಸಿನಿಂದ. ಶಾಲಾ ಸಮವಸ್ತ್ರ ಹೊಲಿಸುವವರು. ಸೋರುವ ತಗಡಿನ ಶೆಡ್ಡಿನಲ್ಲಿ ಮಿಷನ್ನುಗಳನ್ನು ಇಟ್ಟುಕೊಂಡು ಬೇಸತ್ತಿದ್ದರು. ಕೆಳಗೆ ಎರಡೂ ಕೋಣೆ ತನಗೆ ಬೇಕು, ಮೇಲಿನ ಮನೆಗಳಿಗೆ ಹೊರ ಊರಿನಿಂದ ಬರುವ ತನ್ನ ಟೈಲರ್ ಹೆಂಗಸರನ್ನೇ ಬಾಡಿಗೆಗೆ ಇಡುತ್ತೇನೆ ಅಂದರು. ಭಾವ ಆಗ ಎರಡೂ ಕೋಣೆಯಲ್ಲಿ ಕೆಲಸ ಮಾಡಿಸಲು ಬಿಟ್ಟು, ಒಂದು ಗಡುವು ಹಾಕಿದರು. ಆಕೆ ಬಂದು ಗೋಡೆ ನೋಡಿ ಒಪ್ಪಿದರೆ ಕಟ್ಟಡ ಉಳಿಯಲಿ, ತನ್ನ ಪಾಲನ್ನೂ ಕೊಡುತ್ತೇನೆ. ಒಪ್ಪದಿದ್ದರೆ ಮಾರನೇ ಸೋಮವಾರ ಜೆಸಿಬಿ. ಆಕೆ ಬರುವ ದಿನವೇ ಈ ಶುಕ್ರವಾರ, ಸಂಜೆ ನಾಲ್ಕಕ್ಕೆ.

ಮೇಸ್ತ್ರಿ ಮಳವಳ್ಳಿ ತಾಲೂಕಿನ ಪೂರಿಗಾಲಿಯವರು. ಐವತ್ತೈದರ ಮೇಲೆ ವಯಸ್ಸು, ಮಾತು ಕಮ್ಮಿ. ಕಬ್ಬಿಣದ ತೊಲೆ ಕೂರಿಸುವಾಗ ದಾರ ಹಿಡಿದು ಮೂರು ಸಲ ಅಳೆದು, ಮೂರನೇ ಸಲವೂ ತಲೆ ಅಲ್ಲಾಡಿಸಿ ಬಿಚ್ಚಿಸಿದ ಮನುಷ್ಯ. ಹಳೇ ಗಾರೆಯನ್ನೆಲ್ಲ ಕಿತ್ತಾಗ ಅದು ಹಪ್ಪಳದ ಹಾಗೆ ಉದುರಿತು. ಒಳಗಿನ ಇಟ್ಟಿಗೆ ಕೆಳಭಾಗದಲ್ಲಿ ಕಪ್ಪಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಸುತ್ತಿಗೆಯಲ್ಲಿ ತಟ್ಟಿ ನೋಡಿ, ಇಟ್ಟಿಗೆ ಗಟ್ಟಿ ಅಂದರು. ಒಂದಕ್ಕೆ ಐದು ಮರಳಿನ ಕಲಸಿನಲ್ಲಿ ಪ್ಲಾಸ್ಟರು ಶುರುವಾಯಿತು.

ಪ್ಲಾಸ್ಟರನ್ನು ಮೇಲಿನಿಂದ ಕೆಳಕ್ಕೆ ಹಾಕುತ್ತಾ ಬರುತ್ತಾರೆ. ಬೆಳಿಗ್ಗೆ ಸಾರವೆ ಹತ್ತಿ ಮೇಲಿನ ಭಾಗ, ಮಧ್ಯಾಹ್ನದ ಮೇಲೆ ನಿಂತುಕೊಂಡು ಕೆಳಗಿನ ಭಾಗ. ನಾನು ದಿನಾ ಮಧ್ಯಾಹ್ನದವರೆಗೆ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಅತ್ತೆಯ ಊಟಕ್ಕೆ ಮನೆಗೆ ಹೋಗುತ್ತಿದ್ದೆ. ಹತ್ತು ದಿನ ನೀರು ಹೊಡೆದ ಮೇಲೆ ನೋಡಿದರೆ ಮೇಲಿನ ಭಾಗ ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ಕೆಳಗಿನ ಭಾಗಕ್ಕೆ ತಲೆಯ ಪಿನ್ನು ಚುಚ್ಚಿದರೆ ಸುಮ್ಮನೆ ಒಳಗೆ ಹೋಗುತ್ತದೆ. ನಾನಿದ್ದಾಗ ಹಾಕಿದ್ದು ಗಟ್ಟಿ. ನಾನಿಲ್ಲದಾಗ ಹಾಕಿದ್ದು ಮೆತ್ತಗೆ. ನನಗೆ ಬೇರೆ ಏನೂ ತೋಚಲಿಲ್ಲ. ತೋಚಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ.

ಬಾಗಿಲಿನಿಂದ ಎರಡನೇ ಕಿಟಕಿಯ ಕೆಳಗೆ ನಿಂತು ಹೇಳಿದೆ. ಆರು ಜನ ಆಳುಗಳು, ವೈರಿಂಗಿನವನು, ಭಾವ, ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ. ಮೇಸ್ತ್ರಿಗಳೇ, ನಾನಿದ್ದಾಗ ಒಂದು ಕಲಸು, ಇಲ್ಲದಾಗ ಒಂದು ಕಲಸು ಮಾಡಿದ್ದೀರಿ ಅಂದೆ. ನಾನು ಓದಿದ್ದು ಮಂಡ್ಯದ ಕಾನ್ವೆಂಟಿನಲ್ಲಿ. ದನಿ ಏರಿಸಬಾರದು ಅಂತ ಅಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಏರಿಸಲಿಲ್ಲ. ಭಾವ ಪಕ್ಕದಿಂದ, ಅಷ್ಟು ಉದ್ದ ಯಾಕಮ್ಮ, ಕಳ್ಳ ಅನ್ನು ಸಾಕು ಅಂದರು. ನಾನು ಅಂದೆ. ಅದೇ ಮೆಲುದನಿಯಲ್ಲಿ, ಅದೇ ಪದ.

ಮೇಸ್ತ್ರಿ ಕರಣೆಯನ್ನು ಬಕೆಟ್ಟಿನಲ್ಲಿ ತೊಳೆದು, ಒರೆಸಿ, ಟವೆಲ್ಲಿನಲ್ಲಿ ಸುತ್ತಿ, ಟಿವಿಎಸ್ಸಿನ ಡಬ್ಬಿಗೆ ಹಾಕಿಕೊಂಡು ಹೊರಟರು. ಆಳುಗಳು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು.

ಆಮೇಲೆ ಒಬ್ಬ ಗಾರೆಯವನೂ ಬರಲಿಲ್ಲ. ಬೆಳಿಗ್ಗೆ ಕೂಲಿಯವರು ನಿಲ್ಲುವ ಸರ್ಕಲ್ಲಿಗೆ ನಾನೇ ಹೋದರೆ ಎಲ್ಲರೂ ಮುಖ ತಿರುಗಿಸಿ ಬೀಡಿ ಹಚ್ಚಿದರು. ಒಬ್ಬ ಮಾತ್ರ, "ನಿಮ್ಮಲ್ಲಿ ಕೆಲ್ಸ ಮಾಡುದ್ರೆ ಕೂಲಿ ಜೊತೆ ಬಿರುದೂ ಕೊಡ್ತೀರಂತಲ್ಲ ಕಣಮ್ಮ" ಅಂದ. ಯಾರೋ ಗೋಡೌನಿನ ಗೇಟಿನ ಮೇಲೆ ಇದ್ದಿಲಿನಲ್ಲಿ 'ಕಾನ್ವೆಂಟಮ್ಮನ ಇಲಿ ಮನೆ' ಅಂತ ಬರೆದಿದ್ದರು. ಒರೆಸಿದೆ. ಮಾರನೇ ದಿನ ಇನ್ನೂ ದಪ್ಪಕ್ಷರದಲ್ಲಿ ಬರೆದಿದ್ದರು. ಪೂರಿಗಾಲಿಯ ಮೇಸ್ತ್ರಿಗೆ ಕೆಲಸ ಒಪ್ಪಿಸಿದ್ದ ಎರಡು ಮನೆಯವರು ಬೇರೆಯವರನ್ನು ನೋಡಿಕೊಂಡರು ಅನ್ನುವ ಸುದ್ದಿಯೂ ಬಂತು. ಭಾವ ಹೋದ ಹೋದ ಕಡೆ ನನ್ನ ಮಾತನ್ನು ಹೇಳಿಕೊಂಡು ಬಂದಿದ್ದರು, ನನ್ನ ಹೆಸರಿನಲ್ಲೇ.

ಬುಧವಾರ ಗೋಡೌನು ಗುಡಿಸುವಾಗ ಇರುವೆ ಕಂಡೆ. ಕೆಂಪು ಸಣ್ಣ ಇರುವೆ. ಗೋಡೆಯ ಉದ್ದಕ್ಕೂ, ನನ್ನ ತಲೆಗಿಂತ ಒಂದು ಗೇಣು ಮೇಲೆ, ದಾರ ಹಿಡಿದ ಹಾಗೆ ಒಂದೇ ಮಟ್ಟದಲ್ಲಿ ಸಾಲು. ಅದರ ಮೇಲೆ ಒಂದೂ ಇಲ್ಲ. ಪ್ಲಾಸ್ಟರಿನ ಬಣ್ಣವೂ ಅದೇ ಗೆರೆಯಿಂದ ಕೆಳಕ್ಕೆ ಬೇರೆ. ಕಾಫಿ ಲೋಟ ಇಟ್ಟ ಜಾಗದ ಹಾಗೆ ಕಂದು ಕಲೆ. ಪಿನ್ನು ಹಿಡಿದು ಎರಡೂ ಕೋಣೆ ಸುತ್ತು ಬಂದೆ. ಗೆರೆಯ ಕೆಳಗೆ ಎಲ್ಲ ಕಡೆ ಮೆತ್ತಗೆ, ಆದರೆ ಬಾಗಿಲ ಬಲಗಡೆಯ ಮೂಲೆಯಲ್ಲಿ, ಎರಡು ಮಾರು ಅಗಲ, ನೆಲದವರೆಗೂ ಗಟ್ಟಿ. ಪಿನ್ನು ಬಗ್ಗಿತು.

ಆ ಮೂಲೆಯ ಕೆಳಭಾಗವನ್ನೂ ಹಾಕಿದ್ದು ಮಧ್ಯಾಹ್ನದ ಮೇಲೆಯೇ. ಅವತ್ತು ಅತ್ತೆಗೆ ಜ್ವರವಿತ್ತು. ನಾನು ಇಡೀ ದಿನ ಆ ಕಡೆ ಹೋಗಿರಲೇ ಇಲ್ಲ. ಮೋಸ ಮಾಡುವವರು ಆ ಮೂಲೆಯಲ್ಲಿ ಯಾಕೆ ಬಿಟ್ಟರು?

ಅತ್ತೆಯನ್ನು ಕೇಳಿದೆ. ಆ ಮೂಲೆಯಲ್ಲಿ ಮಂಡಿಯ ಗುಮಾಸ್ತರ ಮೇಜೂ ತಕ್ಕಡಿಯೂ ಇದ್ದವಂತೆ. ಉಳಿದ ಗೋಡೆಗೆಲ್ಲ ಬೆಲ್ಲದ ಅಚ್ಚುಗಳನ್ನು ಆನಿಸಿ, ಆಳು ಕೈಯೆತ್ತಿದಷ್ಟು ಎತ್ತರ ಜೋಡಿಸುತ್ತಿದ್ದರಂತೆ. ಮಳೆಗಾಲದಲ್ಲಿ ಬೆಲ್ಲ ಬೆವರಿ ಗೋಡೆಗುಂಟ ಇಳಿದು, ನೆಲಕ್ಕೆ ಕಾಲಿಟ್ಟರೆ ಅಂಟಿಕೊಳ್ಳುತ್ತಿತ್ತಂತೆ. ನೆಲ ತೊಳೆಯೋದು ಹೊಸ ಸೊಸೆ ಕೆಲಸವಾಗಿತ್ತು, ಗೋಡೆ ಯಾರು ತೊಳೀತಾರೆ ಅಂದರು. ಗುರುವಾರ ಬೆಳಿಗ್ಗೆ ನಾನು ಚಿಪ್ಪಿನಲ್ಲಿ ಸಿಮೆಂಟು ಕಲೆಸಿದ್ದು ಅದಕ್ಕೇ.

ಶುಕ್ರವಾರ ಹತ್ತು ಗಂಟೆಗೆ ಮಳವಳ್ಳಿಯ ಖಾಸಗಿ ಬಸ್ಸು ಹತ್ತಿದೆ. ಚಿಪ್ಪುಗಳನ್ನು ತರಕಾರಿ ಚೀಲದಲ್ಲಿ ಇಟ್ಟು, ಮೆತ್ತಗಿನದು ಚೆಲ್ಲದ ಹಾಗೆ ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದೆ. ಕಂಡಕ್ಟರು ಬಗ್ಗಿ ನೋಡಿ, ಇದ್ಯಾವ ದೇವಸ್ಥಾನದ ಪ್ರಸಾದ ಅಂದ. ಹಿಂದಿನ ಸೀಟಿನವರು ನಕ್ಕರು.

ದಾರಿಯುದ್ದಕ್ಕೂ ಒಂದೇ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ತಪ್ಪು ಮೇಸ್ತ್ರಿಯದು ಅಂತಲೇ ಉಳಿದರೆ, ಅದು ಕಿತ್ತು ಬಳಿದರೆ ಹೋಗುವ ತಪ್ಪು. ಹೊಲಿಗೆಯವರು ನಾಲ್ಕು ವಾರ ಕಾಯಬಹುದು. ತಪ್ಪು ಗೋಡೆಯದು ಅಂದರೆ ಅದು ಕಟ್ಟಡದ ತಪ್ಪು. ಅದನ್ನು ನಾನೇ ಬಾಯಿಬಿಟ್ಟು ಹೇಳಿದರೆ ಭಾವನಿಗೆ ಬೇಕಾದ ಮಾತನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಯಜಮಾನರು ಬೆಳಿಗ್ಗೆ ಎರಡು ಚಿಪ್ಪು ಮುಟ್ಟಿದಷ್ಟರಲ್ಲೇ ಇದನ್ನು ಕಂಡಿದ್ದರು. ನನಗೆ ಮಳವಳ್ಳಿ ಬರುವವರೆಗೂ ಬೇಕಾಯಿತು. ಮೇಸ್ತ್ರಿಯನ್ನು ಒಬ್ಬರನ್ನೇ ಕಂಡು ಕ್ಷಮೆ ಕೇಳಿ, ಕೆಲಸಕ್ಕೆ ಕರೆದು, ಸದ್ಯಕ್ಕೆ ಸುಮ್ಮನಿರೋಣ ಅಂದರಾಯಿತು ಎಂದು ಇಳಿಯುವಾಗ ನಿಶ್ಚಯ ಮಾಡಿಕೊಂಡಿದ್ದೆ.

ಅಲ್ಲಿ ಇನ್ನೊಂದು ಬಸ್ಸು ಹಿಡಿದು ಪೂರಿಗಾಲಿಯಲ್ಲಿ ಇಳಿದಾಗ ಹನ್ನೆರಡಾಗಿತ್ತು. ಮೇಸ್ತ್ರಿಯ ಮನೆ ಕೇಳಿದರೆ ತೋರಿಸಿದವರೆಲ್ಲ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿಯೇ ಕೈ ತೋರಿಸಿದರು. ಜಗಲಿಯ ಮೇಲೆ ಅವರ ಹೆಂಡತಿ ಹುರುಳಿ ಕೇರುತ್ತಿದ್ದರು. ನನ್ನನ್ನು ನೋಡಿ ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಬನ್ನಿ ಅನ್ನಲಿಲ್ಲ, ಕೂರಿ ಅನ್ನಲಿಲ್ಲ, ನೀರು ಕೊಡಲಿಲ್ಲ. ನಮ್ಮ ಕಡೆ ಪರಮ ವೈರಿ ಬಾಗಿಲಿಗೆ ಬಂದರೂ ಒಂದು ಚೊಂಬು ನೀರು ತಂದಿಡುತ್ತಾರೆ. ಒಳಗಿನಿಂದ ಅವರ ದನಿ ಮಾತ್ರ ಕೇಳಿಸಿತು: "ಕಳ್ಳನ ಮನೆಗೆ ಏನ್ ಕಳಕಂಡು ಬಂದವ್ರಂತೆ ಕೇಳು."

ಮೇಸ್ತ್ರಿ ಹೊಲದಿಂದ ಬಂದಿದ್ದರು. ಕಾಲಿಗೆ ಕೆಸರು ಹಾಗೇ ಇತ್ತು. ನಾನು ನಿಂತೇ ಇದ್ದೆ. ಚೀಲದಿಂದ ಚಿಪ್ಪು ತೆಗೆದು ಜಗಲಿಯ ಮೇಲೆ ಇಟ್ಟು, ಇರುವೆಯ ಸಾಲು, ಗುಮಾಸ್ತರ ಮೂಲೆ, ಅತ್ತೆ ಹೇಳಿದ್ದು ಎಲ್ಲ ಹೇಳಿದೆ. ಅವರು ಮೆತ್ತಗಿನ ಚಿಪ್ಪಿಗೆ ಹೆಬ್ಬೆರಳು ಒತ್ತಿ, ತೆಗೆದು, ಮೂಸಿ ನೋಡಿದರು. ಗಟ್ಟಿಯದನ್ನು ಜಗಲಿಯ ಅಂಚಿಗೆ ಕುಟ್ಟಿದರು. ಚಿಪ್ಪು ಒಡೆಯಿತು, ಸಿಮೆಂಟು ಒಡೆಯಲಿಲ್ಲ.

"ಆ ಮೂಲೆ ಗಟ್ಟಿಯಾಗೈತೆ ಅಂತ ನಂಗೂ ಗೊತ್ತಿತ್ತು. ಯಾಕೆ ಅಂತ ಗೊತ್ತಿರ್ನಿಲ್ಲ" ಅಂದರು. "ನೀವು ಕೇಳಿದ್ರೆ ಇಬ್ರೂ ಕುಂತ್ಕಂಡು ಯೋಚ್ನೆ ಮಾಡಬೌದಿತ್ತು. ನೀವು ಕೇಳ್ನಿಲ್ಲ, ಯೋಳುದ್ರಿ."

ತಪ್ಪಾಯಿತು ಅಂದೆ. ಅವರು ಗೋಡೆಯ ಮಾತು ಮಾತ್ರ ಆಡಿದರು. ಅವರ ತಂದೆ ಸಿಮೆಂಟು ಮುಟ್ಟಿದವರಲ್ಲವಂತೆ, ಸುಣ್ಣದ ಗಾರೆಯವರು. ಗಾರೆ ಅರೆಯುವಾಗ ಬೆಲ್ಲದ ನೀರನ್ನು ಅವರೇ ಅಳೆದು ಸುರಿಯುತ್ತಿದ್ದರಂತೆ. ಸಿಮೆಂಟಿಗೆ ಬೆಲ್ಲ ಕಂಡರೆ ಆಗದು, ಸುಣ್ಣಕ್ಕೆ ಬೆಲ್ಲ ನೆಂಟ. ಆ ಗೋಡೆಗೆ ಹಾಕಿದ್ದನ್ನೆಲ್ಲ ಕೀಳಬೇಕು. ಬಿಸಿನೀರಲ್ಲಿ ಅದ್ದಿದ ಗೋಣಿತಾಟು ಹೊದಿಸಿ ದಿನಾ ಬದಲಾಯಿಸಬೇಕು, ಹಿಂಡಿದ ನೀರು ನಾಲಿಗೆಗೆ ಸಿಹಿ ಹತ್ತದೆ ಇರುವವರೆಗೆ. ಆಮೇಲೆ ಸುಣ್ಣ ಅರಳಿಸಿ ಗಾರೆ. ಎಷ್ಟು ದಿನ ಅಂತ ಕೇಳಿದೆ. ತಿಂಗಳು, ಮಳೆ ಜಾಸ್ತಿಯಾದರೆ ಒಂದೂವರೆ ಅಂದರು.

ಬಂದು ಮಾಡಿಕೊಡುತ್ತೀರಾ ಅಂದೆ.

ಅವರು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಇಲ್ಲಿ ಯೋಳುದ್ರೆ ನನ್ನೊಟ್ಟೆ ತಣ್ಣಗಾಯ್ತದೆ, ಊರ್ನೋರ ಬಾಯಿ ಮುಚ್ಚಾಕಿಲ್ಲ. ಎಲ್ಲಿ ನಿಂತ್ಕಂಡು ಅಂದ್ರೋ ಅಲ್ಲೇ ನಿಂತ್ಕಂಡು, ಯಾರ ಮುಂದೆ ಅಂದ್ರೋ ಅವ್ರ ಮುಂದೆಯೇ ವಾಪಸ್ ತಗೋಬೇಕು. ನಮ್ಮಲ್ಲಿ ಅಂಗೇಯ."

ಬಸ್ಸಿನಲ್ಲಿ ಮಾಡಿದ ನಿಶ್ಚಯ ಅಲ್ಲಿಗೆ ಮುಗಿಯಿತು. ಇವತ್ತೇ ನಾಲ್ಕಕ್ಕೆ ಭಾವ ಇರುತ್ತಾರೆ, ಬನ್ನಿ ಅಂದೆ. ಬತ್ತೀನಿ ಅಂತಲೂ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ನಾನು ರಸ್ತೆಗೆ ಇಳಿದಾಗ ಹೆಂಡತಿ ಹೊರಬಂದು, ನಾನು ನಿಂತಿದ್ದ ಜಾಗವನ್ನು ಪೊರಕೆಯಿಂದ ಗುಡಿಸಿದರು.

ಮೂರೂವರೆಗೆ ಗೋಡೌನಿಗೆ ಬಂದಾಗ ವೈರಿಂಗಿನವನು ಅಟ್ಟದ ಮೇಲೆ ಪೈಪು ಬಡಿಯುತ್ತಿದ್ದ. ಗೇಟಿನ ಹೊರಗೆ ಹಳೆಯ ಆರು ಆಳುಗಳಲ್ಲಿ ನಾಲ್ವರು ಕುಕ್ಕರಗಾಲಲ್ಲಿ ಕೂತಿದ್ದರು. ಮೇಸ್ತ್ರಿ ಫೋನು ಮಾಡಿ ಬರಹೇಳಿದ್ದರಂತೆ. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿಗೆ ಮೊಣಕೈ ಊರಿ ಆಗಲೇ ಸಿದ್ಧವಾಗಿದ್ದರು. ನಾಲ್ಕಕ್ಕೆ ಸರಿಯಾಗಿ ಭಾವ ಬಂದರು, ಅವರ ಹಿಂದೆ ಹೊಲಿಗೆ ಘಟಕದ ಹೆಂಗಸು, ಕೊರಳಿನಲ್ಲಿ ಅಳತೆಯ ಟೇಪು. ಗೇಟಿನ ಆಚೆ ಟಿವಿಎಸ್ಸಿನ ಸದ್ದು ಬಂದು ನಿಂತಿತು. ಮೇಸ್ತ್ರಿ ಇಳಿಯಲಿಲ್ಲ. ಎಂಜಿನ್ ಆರಿಸಲೂ ಇಲ್ಲ.

ಆ ಹೆಂಗಸು ತೊಲೆ ನೋಡಿದರು, ಹಲಗೆಯ ಮೇಲೆ ಕಾಲಿಟ್ಟು ಕುಣಿದು ನೋಡಿದರು, ಅಟ್ಟದ ಕಿಟಕಿಯಿಂದ ಬರುವ ಬೆಳಕು ಚೆನ್ನಾಗಿದೆ ಅಂದರು. ಕೆಳಗೆ ಬಂದು ಗೋಡೆಗೆ ಉಗುರು ಇಟ್ಟರು. ಉಗುರು ಇಳಿಯಿತು. ಭಾವ ಗಂಟಲು ಸರಿಮಾಡಿಕೊಂಡರು. ಆದರೆ ಆಕೆಯೇ ಮೊದಲು ಮಾತಾಡಿದರು. ಮೇಸ್ತ್ರಿ ಮೋಸ ಮಾಡಿದ ವಿಷಯ ಮಳವಳ್ಳಿಯವರೆಗೂ ಬಂದಿದೆ, ಇಂಥದ್ದು ಎಲ್ಲ ಕಡೆ ಆಗುತ್ತದೆ, ತನ್ನ ಕಡೆ ನಂಬಿಕಸ್ತ ಗಾರೆಯವನಿದ್ದಾನೆ, ಕಿತ್ತು ಬಳಿಸಿ, ನಾಲ್ಕು ವಾರ ಕಾಯುತ್ತೇನೆ. ಹೇಳಿ, ನನ್ನ ಭುಜವನ್ನೂ ತಟ್ಟಿದರು.

ನಾನು ಹೂಂ ಅಂದರೆ ಸಾಕಾಗಿತ್ತು. ಭಾವನ ಮುಖ ಸಣ್ಣದಾದದ್ದು ನನಗೆ ಕಾಣಿಸುತ್ತಿತ್ತು. ಮೇಲೆ ಎರಡು ಕೋಣೆಗೂ ಹಾಸಿದ ಹಲಗೆ, ಹೊಸ ಮರದ ವಾಸನೆ, ಟೈಲರ್ ಹೆಂಗಸರಿಗೆ ಅಂತ ನಾನೇ ನಿಂತು ಗೂಡು ಬಿಡಿಸಿದ್ದ ನಾಲ್ಕು ಅಡುಗೆಕಟ್ಟೆ. ಎಲ್ಲ ಉಳಿಯುತ್ತಿತ್ತು. ಹೊರಗೆ ಟಿವಿಎಸ್ಸು ಗುರುಗುಟ್ಟುತ್ತಲೇ ಇತ್ತು.

ಎರಡನೇ ಕಿಟಕಿಯ ಕೆಳಗೆ ಹೋಗಿ ನಿಂತೆ. ಆಳುಗಳನ್ನು ಒಳಗೆ ಕರೆದೆ. ವೈರಿಂಗಿನವನಿಗೆ ಬಡಿಯುವುದನ್ನು ನಿಲ್ಲಿಸು ಅಂದೆ.

"ಇಲ್ಲೇ ನಿಂತು ನಾನು ಮೇಸ್ತ್ರಿಗಳನ್ನು ಕಳ್ಳ ಅಂದಿದ್ದೆ. ಅವರು ಕಳ್ಳರಲ್ಲ. ಸಿಮೆಂಟು ಸರಿಯಾಗಿಯೇ ಹಾಕಿದ್ದರು. ತಪ್ಪು ಗೋಡೆಯದು, ಅನ್ನಬಾರದ್ದನ್ನು ಅಂದದ್ದು ನನ್ನದು."

ಆಮೇಲೆ ಬೆಲ್ಲದ ವಿಷಯ ಹೇಳಿದೆ. ಗೆರೆ ತೋರಿಸಿದೆ, ಗುಮಾಸ್ತರ ಮೂಲೆಗೆ ಪಿನ್ನು ಚುಚ್ಚಿ ತೋರಿಸಿದೆ, ಮೆತ್ತಗಿನ ಚಿಪ್ಪನ್ನೂ ಒಡೆದ ಚಿಪ್ಪಿನ ಸಿಮೆಂಟು ಉಂಡೆಯನ್ನೂ ಹೊಲಿಗೆಯವರ ಕೈಗೆ ಕೊಟ್ಟೆ. ಆಳುಗಳಲ್ಲಿ ಒಬ್ಬ ಗೋಡೆಗೆ ಬೆರಳು ಒರೆಸಿ ನಾಲಿಗೆಗೆ ಇಟ್ಟುಕೊಂಡು, ಊಂ ಕಣ್ಲಾ, ಸೀ ಐತೆ ಅಂತ ಪಕ್ಕದವನಿಗೆ ಹೇಳಿದ. ಹೊಲಿಗೆಯವರು ಟೇಪನ್ನು ನಿಧಾನವಾಗಿ ಸುತ್ತಿಕೊಂಡರು. ಗಾರೆ ಮಾಡಿದ ಮೇಲೆ ಮತ್ತೆ ಬೆವರುವುದಿಲ್ಲ, ಇರುವೆ ಬರುವುದಿಲ್ಲ ಅಂತ ಬರೆದುಕೊಡುತ್ತೀರಾ ಅಂತ ಕೇಳಿದರು. ಬರೆದುಕೊಡಲಾರೆ, ಒಂದು ಮಳೆಗಾಲ ನೋಡಬೇಕು ಅಂದೆ. ನಮ್ಮದು ಬಿಳಿ ಬಟ್ಟೆ ಅಂದರು ಆಕೆ. ಕೋಪದಿಂದಲ್ಲ. ಫೋನು ಮಾಡುತ್ತೇನೆ ಅಂದು ಹೋದರು. ಮಾಡುವವರು ಹಾಗೆ ಹೇಳುವುದಿಲ್ಲ.

ಭಾವ ನಗುತ್ತಿದ್ದರು. ಪಾಲಾದ ಈ ಮೂರು ವರ್ಷದಲ್ಲಿ ಅವರು ನನ್ನ ಮುಂದೆ ಅಷ್ಟು ಪ್ರೀತಿಯಿಂದ ನಕ್ಕಿರಲಿಲ್ಲ. "ನಾ ಯೋಳ್ಬೇಕಾದ್ದ ನೀನೇ ಯೋಳ್ಬುಟ್ಟೆ ಕಣಮ್ಮ. ಗ್ವಾಡೆನೇ ಕೊಳ್ತೋಗೈತೆ ಅಂತ. ನಡೀಲಿ, ನಿನ್ ಪಾಲ್ಗೆ ಸುಣ್ಣನಾರ ಬಳ್ಕೊ, ಬೆಣ್ಣೆನಾರ ಬಳ್ಕೊ. ನನ್ ಪಾಲು ಸೋಮಾರ ಉರುಳ್ತದೆ." ಚಪ್ಪಲಿಯ ತುದಿಯಿಂದ ನೆಲದ ಧೂಳಿನಲ್ಲಿ, ನಡುಗೋಡೆಯ ಬುಡಕ್ಕೆ, ಒಂದು ಗೆರೆ ಎಳೆದರು.

ಆಗ ಟಿವಿಎಸ್ಸು ನಿಂತಿತು. ಮೇಸ್ತ್ರಿ ಒಳಗೆ ಬಂದು, ನನ್ನ ಕಡೆ ನೋಡದೆ, ನಡುಗೋಡೆಯ ಹತ್ತಿರ ಹೋಗಿ ತೊಲೆಗಳು ಕೂತ ಜಾಗಗಳನ್ನು ಎಣಿಸಿದರು. ಈ ಗೋಡೆಯ ಮೇಲೆ ಈ ಕಡೆಯ ತೊಲೆ ಕೂತಿದೆ, ಅದನ್ನು ಜೆಸಿಬಿ ಮುಟ್ಟಕೂಡದು, ಒಂದು ಮೊಳ ಬಿಟ್ಟು ಕೈಯಲ್ಲೇ ಒಡೆಸಬೇಕು ಅಂತ ಭಾವನಿಗೆ ಹೇಳಿದರು. ಭಾವ, ಕಳ್ಳ ಅಲ್ಲ ಅಂದ ತಕ್ಷಣ ಎಂಜಿನಿಯರ್ ಆಗ್ಬುಟ್ಯಾ ಅಂದರು. ಮೇಸ್ತ್ರಿ ತೊಲೆಯ ಬುಡದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋದರು. ಭಾವ ಗುರುತುಗಳನ್ನು ನೋಡಿ, ಮೊಳ ಬಿಡುವುದಕ್ಕೆ ಒಪ್ಪಿದರು.

ಹೊರಡುವಾಗ ಮೇಸ್ತ್ರಿ ನನಗೆ ಹೇಳಿದ್ದು ಇಷ್ಟು. ನಾಳೆ ಗೋಣಿತಾಟು ತಂದು ಇಟ್ಟಿರಬೇಕು, ಬಿಸಿನೀರಿಗೆ ಹಂಡೆ ಬೇಕು, ಸ್ಟೂಲು ಹಾಕಿಕೊಂಡು ಯಾರೂ ಕಾವಲು ಕೂರಕೂಡದು. ಆಗಲಿ ಅಂದೆ. ಆಳುಗಳು ಅವರ ಹಿಂದೆ ಹೋದರು. ಒಬ್ಬನೂ ಹೋಗಿ ಬರುತ್ತೇನೆ ಅನ್ನಲಿಲ್ಲ.

ಮನೆಗೆ ಬಂದಾಗ ಅತ್ತೆ ಏನಾಯಿತು ಅಂತ ಕೇಳಿದರು. ಅರ್ಧ ಉಳಿಯಿತು ಅಂದೆ. ಯಾವ ಅರ್ಧ ಅಂತ ಕೇಳಿದರು, ಹೇಳಿದೆ. ಯಜಮಾನರು ಬಂದು, ವಿಷಯವೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಕೇಳಿಕೊಂಡು ಬಂದಿದ್ದರಿಂದ, ಏನೂ ಕೇಳದೆ ಟಿವಿ ಹಾಕಿದರು. ಭಾವನ ಪಾಲಿನ ಅಟ್ಟದಿಂದ ಸೋಮವಾರದ ಒಳಗೆ ಹಲಗೆ ಬಿಚ್ಚಿಸಿಕೊಳ್ಳಬೇಕಿತ್ತು. ಯಾರನ್ನು ಕರೆಯಲಿ ಅಂತ ಯೋಚಿಸುತ್ತಾ ಹಿತ್ತಲಿಗೆ ಹೋಗಿ, ಒಣಗದೇ ಉಳಿದಿದ್ದ ಬಟ್ಟೆಗಳನ್ನು ಹಗ್ಗದಿಂದ ತೆಗೆಯತೊಡಗಿದೆ.

ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಕರಿಬೇವು ಮುರಿಯುತ್ತಿದ್ದರು. ಒಂದು ಕಡ್ಡಿ ನನ್ನ ಕಡೆಗೂ ಚಾಚಿದರು. ಸಾರಿಗೆ ಹಾಕಿಕೊಳ್ಳಿ ಅಂದರು. ತೆಗೆದುಕೊಂಡೆ.

"ಅಲ್ಲ ಕಣಮ್ಮ," ಅಂದರು, ಇನ್ನೊಂದು ಕೊಂಬೆ ಬಗ್ಗಿಸುತ್ತಾ, "ಆವಯ್ಯ ಕಳ್ಳ ಅಂತ್ಲೇ ಬುಟ್ಟಿದ್ರೆ ನಿಮ್ಗೇನು ಓಯ್ತಿತ್ತು?"